ಕಿಟಕಿ ಚಿತ್ರದ ಮುಂದೆ ನಿಂತವರು

ಈ ಸಲವೂ ಯಾರೊಬ್ಬರೂ ನನ್ನ ಚಿತ್ರದ ಮುಂದೆ ನಿಲ್ಲದಿದ್ದರೆ ಕುಂಚ ಮುಟ್ಟುವುದಿಲ್ಲ ಎಂದುಕೊಂಡೇ ಪ್ರದರ್ಶನಕ್ಕೆ ಆ ಹಾಲ್ ಹಿಡಿದಿದ್ದೆ. ಔಷಧಿ ಅಂಗಡಿಯ ಮೇಲಿನ ಸಣ್ಣ ಗ್ಯಾಲರಿ ಅದು. ಬಂದವರು ಫ್ಯಾನಿನ ಕೆಳಗೆ ಬೆವರು ಒರೆಸಿಕೊಂಡು ಇಳಿದುಹೋಗುತ್ತಿದ್ದರು.

ಕೊನೆಯ ದಿನ ಮಧ್ಯಾಹ್ನ, ಬಾಗಿಲಲ್ಲಿ ಕೂರುವ ಕಾವಲಿನ ಅಮ್ಮ ನನ್ನನ್ನು ಕರೆದರು.

"ಸ್ವಲ್ಪ ಪಕ್ಕಕ್ಕೆ ಬಾರಪ್ಪ, ಅವರಿಗೆ ಅಡ್ಡ ನಿಂತಿದ್ದೀಯ."

"ಯಾರಿಗಮ್ಮ?"

"ಬೆಳಿಗ್ಗೆಯಿಂದ ನಿನ್ನ ಕಿಟಕಿ ಚಿತ್ರದ ಮುಂದೆ ನಿಂತಿದ್ದಾರಲ್ಲ, ಅವರಿಗೆ. ಯಾರೂ ನೋಡಲ್ಲ ಅಂತ ಗೋಳಾಡ್ತಿದ್ದೆ, ಈಗ ನೀನೇ ಮರೆ ಮಾಡ್ತೀಯ!"

ಅಲ್ಲಿ ಯಾರೂ ಇರಲಿಲ್ಲ. ಆದರೆ ಸರಿಯುವಾಗ ತೋಳಿಗೆ ಒದ್ದೆ ಬಟ್ಟೆ ಸವರಿದಂತಾಯಿತು. ಅಂಥ ಸೆಖೆಯಲ್ಲೂ ಅಲ್ಲಿಯ ನೆಲ ತಣ್ಣಗೆ ಕೊರೆಯುತ್ತಿತ್ತು. ಮಾತಾಡುತ್ತಾ ಬಂದ ಗಂಡ ಹೆಂಡತಿ ಆ ಜಾಗವನ್ನು ಮಾತ್ರ ಸುತ್ತು ಹಾಕಿ ಹೋದರು. ಗಂಡ ಯಾರಿಗೋ "ಸಾರಿ" ಎಂದು, ಬಿಟ್ಟ ಮಾತನ್ನು ಮುಂದುವರಿಸಿದ.

ಹೆದರಿದ್ದು ನಿಜ. ಒಳಗೊಳಗೇ ಹಿಗ್ಗಿದ್ದೂ ನಿಜ. ದೆವ್ವವೇ ಆಗಲಿ, ನೋಡುವವರು ಒಬ್ಬರು ಸಿಕ್ಕಿದ್ದರು.

ಸಂಜೆ ಎಲ್ಲ ಚಿತ್ರಗಳನ್ನೂ ಇಳಿಸಿದೆ. ಕಿಟಕಿಯ ಚಿತ್ರವನ್ನು ಎದುರಿನ ಗೋಡೆಗೆ ಒರಗಿಸಿ, ಬೇಕೆಂದೇ ಅದರ ಮುಂದೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟೆ.

"ಅವರು ಈ ಕಡೆ ಬಂದ್ರಾ ಅಮ್ಮ?"

ಅಮ್ಮ ಕತ್ತು ಚಾಚಿ ನೋಡಿದರು. ಆಮೇಲೆ ದನಿ ತಗ್ಗಿಸಿದರು.

"ಇಲ್ಲಪ್ಪ. ಅಲ್ಲೇ ಇದ್ದಾರೆ. ಬರೀ ಗೋಡೆ ನೋಡ್ತಾ."