ಚೆನ್ನವ್ವ ನೇಯ್ದ ಸೆರಗು

ಇಲಿಗಳನ್ನು ಕೊಲ್ಲಬೇಡಿ ಎಂದ ಗೌರವ್ವನ ಮಾತಿಗೆ ದಾದಾಸಾಹೇಬ ಗಹಗಹಿಸಿ ನಕ್ಕ. ಗಡಹಿಂಗ್ಲಜದವನು, ಪುಣೆಯಲ್ಲಿ ಓದಿದವನು. ಇಚಲಕರಂಜಿಯ ಹಳೆ ವಾಡೆಯಲ್ಲಿದ್ದ ವಸ್ತುಸಂಗ್ರಹಾಲಯಕ್ಕೆ ಅಧಿಕಾರಿಯಾಗಿ ಬಂದು, ೧೯೬೧ರ ಆ ಶ್ರಾವಣಕ್ಕೆ, ಮೂರು ತಿಂಗಳೂ ಆಗಿರಲಿಲ್ಲ. ಕಸ ಗುಡಿಸುವ ಹೆಂಗಸು ತನಗೆ ಬುದ್ಧಿ ಹೇಳುವುದೇ? ಓದಿದವರ ಈ ಸೊಕ್ಕು ಯಾವ ಮದ್ದಿಗೂ ಹೋಗುವುದಿಲ್ಲ.

ಇಲಿಗಳು ತಿನ್ನುತ್ತಿದ್ದುದು ಒಂದೇ ಒಂದು ಹಳೆ ಸೀರೆಯನ್ನು. ನೇಯ್ದವಳು ಗೌರವ್ವನ ಅಜ್ಜಿ ಚೆನ್ನವ್ವ. ಕೂಸು ಜ್ವರದಲ್ಲಿ ಬೇಯುತ್ತಿದ್ದರೂ ವಾಡೆಯ ಧಣಿ ಅವಳನ್ನು ಮಗ್ಗ ಬಿಟ್ಟು ಏಳಗೊಡಲಿಲ್ಲ. ಕೂಸು ಸತ್ತಿತು. ಚೆನ್ನವ್ವ ತನ್ನ ಕೂದಲು ಕಿತ್ತು ಸೆರಗಿನಲ್ಲಿ ಸೇರಿಸಿ ಮಾಟ ನೇಯ್ದಳು. ಅಂದಿನಿಂದ ಈ ಸೂರಿನಡಿ ಹುಟ್ಟಿದ ಒಂದು ಕೂಸೂ ಅತ್ತಿಲ್ಲ.

“ಈ ಸೀರಿ ಕತ್ರಿಗಿ ಹರಿಯಂಗಿಲ್ಲ, ಬೆಂಕಿಗಿ ಸುಡಂಗಿಲ್ಲ ರೀ ಸಾಹೇಬರ. ಹಲ್ಲಿಲೆ ಕಚ್ಚಿದ್ರಷ್ಟ ಹರೀತೈತಿ. ಸೆರಗು ಗೇಣು ಉಳದೈತಿ, ಅದೂ ತೀರಿದ್ರ ಮಾಟ ಮುರೀತೈತಿ, ತಿನ್ನಲಿ ಬಿಡ್ರಿ. ಬಾಯಿಸಾಹೇಬರಿಗೆ ದಿನಾ ತುಂಬ್ಯಾವು.”

ವಾಡೆಯ ಹಿಂದಿನ ಕೋಣೆಗಳಲ್ಲೇ ದಾದಾಸಾಹೇಬನ ಸಂಸಾರ. ಬಸುರಿ ಹೆಂಡತಿ ಶಾಲನಳ ಮಾತೆತ್ತಿದ್ದೇ ಸಿಟ್ಟು ನೆತ್ತಿಗೇರಿತು. ಗೌರವ್ವನನ್ನು ಕೆಲಸದಿಂದ ಓಡಿಸಿದ. ಇಲಿ ಪಾಷಾಣವನ್ನು ಬೆಲ್ಲದಲ್ಲಿ ಕಲಸಿ, ಹೇಗೂ ಹಾಳಾದ ಬಟ್ಟೆಯೆಂದು, ಆ ಸೆರಗಿಗೇ ಕೈಯಾರೆ ಸವರಿದ.

ಮರುದಿನ ಮಧ್ಯಾಹ್ನ ವಾಡೆ ತುಂಬ ಸತ್ತ ಇಲಿಗಳ ನಾತ. ಹದಿನೇಳನ್ನು ಎಸೆದು ಬಂದವನಿಗೆ ಸೀರೆಯಿದ್ದ ಮುಚ್ಚಿದ ಕೋಣೆಯಿಂದ ಮಗ್ಗದ ಸದ್ದು ಕೇಳಿಸಿತು. ಖಟ್. ಖಟ್. ಅಲ್ಲಿ ಮಗ್ಗವೇ ಇರಲಿಲ್ಲ. ಬಾಗಿಲು ತೆರೆದ. ಒಳಗೆ ಕತ್ತಲೆ, ಬೆವೆತ ಕೂದಲ ವಾಸನೆ. ಗೇಣಿನ ಸೆರಗು ಮೊಳವಾಗಿತ್ತು. ಕಣ್ಣೆದುರೇ ಬೆಳೆಯುತ್ತಿತ್ತು.

ಹಿಂದಿನ ಕೋಣೆಯಲ್ಲಿ ಶಾಲನ ಚೀರಿದಳು. ನೋವಿನ ಸುದ್ದಿ ಕೇಳಿ, ಅವಮಾನ ನುಂಗಿಕೊಂಡು, ಗೌರವ್ವ ಸೂಲಗಿತ್ತಿಯೊಡನೆ ಆಗಲೇ ಬಂದಿದ್ದಳು. ಸ್ವಲ್ಪ ಹೊತ್ತಿಗೆ ಸೀರೆಯ ಕೋಣೆಯ ಬಾಗಿಲಿಗೆ ಬಂದು ನಿಂತಳು.

“ಕೂಸು ಹುಟ್ಟೇತಿ. ಉಸರಿಲ್ಲ. ಇಲಿ ಎಲ್ಲಿಂದ ತರ್ತೀರಿ ಈಗ?”

ದಾದಾಸಾಹೇಬ ಸೆರಗಿಗೆ ಕತ್ತರಿ ಹಾಕಿದ. ಅಲಗು ಮುರಿಯಿತು. ಕಡ್ಡಿ ಗೀರಿದ. ಆರಿತು. ಮತ್ತೆ ಗೀರಿದ. ಮತ್ತೆ ಆರಿತು. ಖಟ್. ಖಟ್. ಸೆರಗನ್ನು ಎರಡೂ ಕೈಯಲ್ಲಿ ಹಿಡಿದ. ಬೆಲ್ಲ ಬೆರಳಿಗೆ ಅಂಟಿತು. ಒಂದು ಗಳಿಗೆ ನಿಂತ. ಬಾಯಿ ಹಾಕಿದ. ಕಚ್ಚಿದ. ಹರಿದ. ಉಗುಳಿದ. ಉಗುಳಿದ ಎಳೆಗಳು ತೆವಳಿ ಹೋಗಿ ಮತ್ತೆ ಸೆರಗಿಗೆ ಸೇರಿಕೊಂಡವು. ಮತ್ತೆ ಕಚ್ಚಿದ. ನುಂಗಿದ. ಕೊನೆಯ ಎಳೆಯವರೆಗೂ ನುಂಗಿದ.

ಮಗ್ಗ ನಿಂತಿತು. ಕೂಸು ಅತ್ತಿತು.

ಗೌರವ್ವ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದಾಗ ದಾದಾಸಾಹೇಬ ಹೊಟ್ಟೆ ಹಿಡಿದು ನೆಲದ ಮೇಲೆ ಬಿದ್ದಿದ್ದ. ಹೇಗೋ ಎದ್ದು ಕೂತು ಎರಡೂ ಕೈ ಚಾಚಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ಮುಟ್ಟಬ್ಯಾಡ್ರಿ ಸಾಹೇಬರ. ಕೈಗಿ ಪಾಷಾಣ ಹತ್ತೈತಿ.”