ಭಾನುವಾರ ಏಳು ಗಂಟೆಯ ನೋವು

"ಅಬ್ಬ, ಬಂದ್ರಾ! ಮೂರು ದಿನದಿಂದ ನಿಮಗೋಸ್ಕರ ಕಾಯ್ತಾ ಇದೀನಿ," ಎಂದಳು ಅವಳು.

ವುಕಾಶಿನ್ ಬಾಗಿಲಲ್ಲೇ ನಿಂತುಬಿಟ್ಟ. ಅಂಥ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ. ಎದುರಿಗಿದ್ದವಳು ಬಿಳಿ ಕೋಟಿನ ಹೆಂಗಸು. ಪ್ಯಾಂಟಿನ ಅಂಚೆಲ್ಲ ಒದ್ದೆ, ಒಂದು ಕೈಯಲ್ಲಿ ನೆಲ ಒರೆಸುವ ಬಟ್ಟೆ. ಕೆನ್ನೆಗೆ ಅಂಟಿದ ಕೂದಲನ್ನು ಭುಜದಿಂದಲೇ ಸರಿಸಿಕೊಂಡು, ಇನ್ನೊಂದು ಕೈಯಲ್ಲಿದ್ದ ಸ್ಪ್ಯಾನರನ್ನು ಅವನತ್ತ ಚಾಚಿದಳು.

"ಆ ಮೂಲೆ ಪೈಪು ನೋಡಿ. ತೊಟ್ಟಿಗಿಂತ ನೆಲದ ಮೇಲೇ ನೀರು ಜಾಸ್ತಿ."

ಅವನು ಸ್ಪ್ಯಾನರ್ ತೆಗೆದುಕೊಂಡು ಕುಂಟುತ್ತ ಹೋದ. ನೋವಿಲ್ಲದ ಕಾಲನ್ನು ಮಡಿಸಿ ಕೂತು ನಟ್ಟು ಬಿಚ್ಚಿದ, ಸವೆದ ವಾಷರನ್ನು ಮಗುಚಿ ಹಾಕಿದ, ಬಿಗಿ ಮಾಡಿದ. ಹತ್ತು ನಿಮಿಷದಲ್ಲಿ ನೀರು ನಿಂತಿತು.

"ಹೆಸರು ಹೇಳಿ, ಬರ್ಕೋತೀನಿ. ನಗರಸಭೆಯವರು ಕೇಳ್ತಾರೆ."

"ವುಕಾಶಿನ್ ಗ್ರುಯಿಚ್. ಆದ್ರೆ ನಾನು ನಗರಸಭೆಯವನಲ್ಲ. ಮೊಣಕಾಲಿನ ಆಪರೇಷನ್ ಆಗಿ ಚಿಕಿತ್ಸೆಗೆ ಬಂದವನು. ಹತ್ತು ಗಂಟೆಗೆ ಬರೋಕೆ ಹೇಳಿದ್ರು."

ಅವಳ ಮುಖ ಕಿವಿಯವರೆಗೂ ಕೆಂಪಾಯಿತು. "ಅಯ್ಯೋ ದೇವರೇ, ಆಪರೇಷನ್ ಆದ ಕಾಲಿನೋರನ್ನ ಒದ್ದೆ ನೆಲದ ಮೇಲೆ ಕೂರಿಸಿಬಿಟ್ಟೆನಲ್ಲ! ಮೊದಲೇ ಹೇಳಬಾರದಾಗಿತ್ತೇನ್ರೀ?"

"ನನಗೋಸ್ಕರ ಕಾಯ್ತಿದ್ದೆ ಅಂದ್ರಲ್ಲ. ಅಲ್ಲ ಅನ್ನೋಕೆ ಮನಸ್ಸು ಬರಲಿಲ್ಲ."

ಹೇಳಿದ ಮೇಲೆ ಅವನೇ ಬೆಚ್ಚಿದ. ಅವಳು ನಗು ತಡೆಯಲಾರದೆ ಅತ್ತ ತಿರುಗಿದಳು. "ಪ್ಲಂಬಿಂಗ್ ಎಲ್ಲಿ ಕಲಿತ್ರಿ?"

"ಬಾಡಿಗೆ ಮನೆಗಳಲ್ಲಿ."

ಅವಳ ಹೆಸರು ದುನ್ಯಾ. ವುಕಾಶಿನ್ ಹುಟ್ಟಿ ಬೆಳೆದ ಜಾಯೆಚಾರ್ ಪಟ್ಟಣದ ಹೊರಗಿನ ಆ ಬಿಸಿನೀರಿನ ಚಿಕಿತ್ಸಾಲಯದಲ್ಲಿ ಕೈಕಾಲು ಸೋತವರನ್ನು ಮತ್ತೆ ನಡೆಸುವುದು ಅವಳ ಕೆಲಸ.

ಬಾಡಿಗೆ ಮನೆಯ ಮಾತು ನಿಜವೇ ಆಗಿತ್ತು. ಹತ್ತೊಂಬತ್ತಕ್ಕೆ ಊರು ಬಿಟ್ಟ ವುಕಾಶಿನ್‌ಗೆ ಈಗ ಮೂವತ್ತಮೂರು. ಒಂಬತ್ತು ಫುಟ್‌ಬಾಲ್ ಕ್ಲಬ್ಬು, ಆರು ದೇಶ. ಹಂಗೇರಿ, ಬೆಲಾರುಸ್, ಸೈಪ್ರಸ್, ಎಲ್ಲಿ ಹೋದರೂ ಯಾರೋ ಬಿಟ್ಟುಹೋದ ಮಂಚ, ಯಾರೋ ಒಡೆದಿಟ್ಟ ಕಪ್ಪು. ಹಿಂದಿನ ಆಟಗಾರ ಗೋಡೆಗೆ ಹಾಕಿದ್ದ ಕ್ಯಾಲೆಂಡರನ್ನು ಅವನು ಯಾವ ಮನೆಯಲ್ಲೂ ತೆಗೆಯಲಿಲ್ಲ. ತನ್ನದನ್ನು ತೂಗುಹಾಕುವಷ್ಟು ದಿನ ಇರುತ್ತೇನೆಂಬ ನಂಬಿಕೆ ಇರಲಿಲ್ಲ.

ಅವನು ಡಿಫೆಂಡರ್. ಎದುರಾಳಿಯ ಬೆನ್ನಿಗೆ ಒಂದು ಗೇಣು ಹಿಂದೆ ನಿಂತು, ಅವನ ಉಸಿರು ಕೇಳುತ್ತ, ಎತ್ತ ತಿರುಗುತ್ತಾನೆಂದು ಮೊದಲೇ ತಿಳಿದುಕೊಳ್ಳುವುದೇ ಅವನ ಬದುಕು. ತೊಂಬತ್ತು ನಿಮಿಷ ಚೆನ್ನಾಗಿ ಆಡಿದರೆ ಅವನನ್ನು ಯಾರೂ ಗಮನಿಸುತ್ತಿರಲಿಲ್ಲ. ಒಂದು ಸಲ ಕಾಲು ಜಾರಿದರೆ ಇಡೀ ಮೈದಾನಕ್ಕೆ ಅವನ ಹೆಸರು ಗೊತ್ತಾಗುತ್ತಿತ್ತು. ಹಂಗೇರಿಯಲ್ಲಿ ಒಬ್ಬಳ ಜೊತೆ ಮದುವೆಯ ಮಾತಾಗಿತ್ತು. ಜನವರಿಯಲ್ಲಿ ಕ್ಲಬ್ಬು ಅವನನ್ನು ಬೆಲಾರುಸ್‌ಗೆ ಕೊಟ್ಟುಬಿಟ್ಟಿತು. "ಬರ್ತೀಯಾ?" ಎಂದು ಅವನು ಕೇಳಿದ. ಅವಳು ಯೋಚಿಸಬೇಕು ಎಂದಳು. ಎರಡನೇ ಸಲ ಅವನು ಕೇಳಲಿಲ್ಲ. ಸೈಪ್ರಸ್‌ನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಮೊಣಕಾಲಿನ ಆಪರೇಷನ್ ಆದ ಮೇಲೆ ಹಿಂದಿರುಗಿದ್ದು ಅವಳ ಖಾಲಿ ಫ್ಲ್ಯಾಟಿಗೆ. ತಿಮೊಕ್ ನದಿಯ ಕಡೆ ತೆರೆಯುವ ಒಂದೇ ಕಿಟಕಿ, ಅಡುಗೆಮನೆಯಲ್ಲಿ ಅಮ್ಮನ ಎರಡು ಕುರ್ಚಿ. ಅವನು ಯಾವಾಗಲೂ ಒಂದರಲ್ಲೇ ಕೂರುತ್ತಿದ್ದ.

ಚಿಕಿತ್ಸಾಲಯದಲ್ಲಿ ಬೆಳಗಿನ ಹತ್ತರ ಗುಂಪಿಗೆ ಅವನನ್ನು ಹಾಕಿದರು. ಉಳಿದವರೆಲ್ಲ ಸೊಂಟ ಮುರಿದುಕೊಂಡ ಅಜ್ಜಿಯರು. ಅವರಲ್ಲಿ ದೆಸಾಂಕಾ ಅಜ್ಜಿಯ ಬಾಯಿ ಜೋರು.

"ಏ ಮಗಾ, ನೀನು ಫುಟ್‌ಬಾಲ್ ಆಡ್ತೀಯಂತೆ. ಟೀವೀಲಿ ಒಂದಿನಾನೂ ನೋಡಿಲ್ಲವಲ್ಲ ನಿನ್ನ?"

"ನಾನು ಹಿಂದೆ ನಿಲ್ಲೋನು ಅಜ್ಜಿ. ಕ್ಯಾಮೆರಾ ಮುಂದೆ ಇರುತ್ತೆ."

"ಹಿಂದೆ ನಿಂತೇ ಇದ್ರೆ ಹೆಣ್ಣು ಸಿಗುತ್ತೇನೋ? ನಮ್ಮ ದುನ್ಯಾನ ನೋಡು. ಹೆಸರೇ ಹಣ್ಣಿಂದು. ಶರತ್ಕಾಲದಲ್ಲಿ ಬೀರು ಮೇಲೆ ನಾಲ್ಕು ದುನ್ಯಾ ಹಣ್ಣು ಇಟ್ರೆ ಚಳಿಗಾಲ ಪೂರ್ತಿ ಮನೆ ಘಮ್ ಅನ್ನುತ್ತೆ."

"ಅಜ್ಜೀ, ಕಾಲೆತ್ತಿ. ಬಾಯಿಗೆ ವ್ಯಾಯಾಮ ಸಾಕು," ಎಂದಳು ದುನ್ಯಾ. ಆದರೆ ನೀರಿನ ಆವಿಯ ಆಚೆಯಿಂದ ಒಂದು ಗಳಿಗೆ ಅವನತ್ತ ನೋಡಿದಳು. ಅವನು ನೋಡುತ್ತಿರುವುದು ಕಂಡು ಬೇಗನೆ ಗಡಿಯಾರದ ಕಡೆ ಕಣ್ಣು ಹೊರಳಿಸಿದಳು.

ಆ ನೋಟಕ್ಕಾಗಿ ಅವನು ಮರುದಿನ ಅರ್ಧ ಗಂಟೆ ಮೊದಲೇ ಬಂದ. ಅದರ ಮರುದಿನ ಚೀಸ್ ತುಂಬಿದ ಪದರ ರೊಟ್ಟಿ, ಬಿಸಿ ಬುರೆಕ್, ಕಟ್ಟಿಸಿಕೊಂಡು ಬಂದ. ಇಬ್ಬರೂ ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತು, ಎಣ್ಣೆಗೈಯಲ್ಲಿ ಅದನ್ನು ತಿಂದು ಮೊಸರು ಕುಡಿದರು. ಹಾಗೆ ಕೂತ ಒಂದು ಬೆಳಿಗ್ಗೆ ಅವಳು ತನ್ನ ಕಥೆ ಹೇಳಿದಳು. ಗಂಡ ಆರು ತಿಂಗಳಿಗೆಂದು ವಿಯೆನ್ನಾಕ್ಕೆ ಹೋದವನು. ಎರಡು ವರ್ಷ ಪ್ರತಿ ಶುಕ್ರವಾರ ಅವಳು ಬಸ್ ನಿಲ್ದಾಣಕ್ಕೆ ಹೋಗಿ ನಿಂತಳು. ಕೊನೆಗೆ ಬಸ್ಸಿನ ಡ್ರೈವರೇ ಇಳಿದು ಬಂದು, "ತಂಗೀ, ಅವನು ಅಲ್ಲಿ ಇನ್ನೊಬ್ಬಳ ಜೊತೆ ಇದಾನೆ, ಮನೆಗೆ ಹೋಗು," ಅಂದನಂತೆ.

"ಆವತ್ತಿಂದ ನಾನು ಯಾರಿಗೂ 'ಇರು' ಅನ್ನಲ್ಲ, ಯಾರಿಗೂ 'ಬಾ' ಅನ್ನಲ್ಲ," ಎಂದು ಅವಳು ಬೆರಳು ಒರೆಸಿಕೊಂಡಳು. "ಹೂಂ, ಎದ್ದೇಳಿ. ಅಜ್ಜಿ ಬರೋ ಹೊತ್ತಾಯ್ತು."

ಆರನೇ ವಾರ ಏಜೆಂಟ್ ಫೋನ್ ಮಾಡಿದ. ಕಜಕಸ್ತಾನದ ಕೊಸ್ತಾನೈ ಊರಿನಲ್ಲಿ ಎರಡು ಸೀಸನ್ನಿನ ಕರಾರು. ಗುರುವಾರದೊಳಗೆ ಮೊಣಕಾಲಿನ ವರದಿ ಬೇಕು. "ಈ ವಯಸ್ಸಿಗೆ ಇನ್ನೊಂದು ಕರೆ ಬರಲ್ಲ ಕಣೋ," ಎಂದ.

ದುನ್ಯಾ ಕೋನ ಅಳೆಯುವ ಪಟ್ಟಿಯನ್ನು ಅವನ ಕಾಲಿಗೆ ಹಿಡಿದು ನಿಧಾನವಾಗಿ ಮಡಿಸಿದಳು. ಅವಳ ತಲೆ ಬಾಗಿತ್ತು. ಬೈತಲೆಯ ಪಕ್ಕದಲ್ಲಿ ಒಂದು ಬಿಳಿ ಕೂದಲು ಅವನಿಗೆ ಕಂಡಿತು. ಮೊಣಕಾಲು ನೂರ ಇಪ್ಪತ್ತು ಡಿಗ್ರಿಯಷ್ಟೇ ಮಡಿಯುತ್ತದೆ ಅಂತ ಅವಳು ಬರೆದರೂ ಸಾಕು, ಡಾಕ್ಟರು ಸಹಿ ಹಾಕುವುದಿಲ್ಲ, ಅವನು ಹೋಗುವ ಹಾಗಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಪಟ್ಟಿಯನ್ನು ಅವಳು ಎರಡು ಸಲ ನೋಡಿದಳು.

"ನೂರ ಮೂವತ್ತೆಂಟು," ಎಂದಳು. "ಹೋಗಬಹುದು ನೀವು."

"ಬೇರೇನೂ ಹೇಳಲ್ವಾ?"

"ಏನು ಹೇಳ್ಬೇಕು? ಕಾಲು ಚೆನ್ನಾಗಿದೆ. ಅದಕ್ಕೆ ತಾನೇ ಆರು ವಾರ ಒದ್ದಾಡಿದ್ದು?"

ಅವಳು ಇರು ಎಂದಿದ್ದರೆ ಅವನು ಇರುತ್ತಿದ್ದ. ಇರಲೇ ಎಂದು ಅವನು ಕೇಳಿದ್ದರೆ ಅವಳೇನು ಹೇಳುತ್ತಿದ್ದಳೋ. ಹದಿನಾಲ್ಕು ವರ್ಷ ಕರೆದಲ್ಲಿಗೆ ಹೋಗಿ ರೂಢಿಯಾದ ಮನುಷ್ಯನಿಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ. ಕೈಕುಲುಕಿದರು. ಅವಳ ಅಂಗೈ ಬಿಸಿನೀರಿನಿಂದ ಮೆತ್ತಗಾಗಿ, ಬೆರಳ ತುದಿಗಳು ಸುಕ್ಕುಗಟ್ಟಿದ್ದವು. ಬಸ್ಸಿನಲ್ಲಿ ಬೆಲ್‌ಗ್ರೇಡ್ ತಲುಪುವವರೆಗೂ ಅವನು ಆ ಕೈಯನ್ನು ಜೇಬಿನಿಂದ ತೆಗೆಯಲಿಲ್ಲ.

ಕೊಸ್ತಾನೈನಲ್ಲಿ ಏಪ್ರಿಲ್‌ನಲ್ಲೂ ಹಿಮ. ಎಂಟನೇ ಮಹಡಿಯ ಮನೆ. ಕಿಟಕಿಯಾಚೆ ಒಂದು ಮರವೂ ಇಲ್ಲದ ಬಯಲು, ಕಣ್ಣು ಹರಿದಷ್ಟೂ ಅದೇ. ಅವನು ಚೆನ್ನಾಗಿಯೇ ಆಡಿದ. ಪಂದ್ಯ ಮುಗಿದ ಮೇಲೆ ಹುಡುಗರು ಹೆಂಡತಿಯರಿಗೋ ಗೆಳತಿಯರಿಗೋ ಫೋನ್ ಮಾಡುತ್ತ ಹೊರಡುತ್ತಿದ್ದರು. ಅವನು ಮನೆಗೆ ಬಂದು ಎರಡು ಮೊಟ್ಟೆ ಹುರಿದುಕೊಳ್ಳುತ್ತಿದ್ದ. ಟೀವಿಯ ಭಾಷೆ ಅರ್ಥವಾಗದಿದ್ದರೂ ಹಾಕಿಡುತ್ತಿದ್ದ, ಮನೆಯಲ್ಲಿ ಒಂದು ದನಿಯಾದರೂ ಇರಲಿ ಎಂದು.

ಮೂರನೇ ಭಾನುವಾರ ತಡೆಯಲಾಗದೆ ದುನ್ಯಾಗೆ ಫೋನ್ ಮಾಡಿದ. ಅವನಿಗೆ ಸಂಜೆ ಏಳು, ಅವಳಿಗಿನ್ನೂ ಮಧ್ಯಾಹ್ನ. ಅವಳು 'ಹಲೋ' ಎಂದ ಕೂಡಲೇ ಹೇಳಬೇಕೆಂದಿದ್ದೆಲ್ಲ ಮರೆತುಹೋಯಿತು.

"ಮೊಣಕಾಲು ನೋಯ್ತಿದೆ," ಎಂದ.

ಅವಳು ಗಾಬರಿಯಾದಳು. ಎಲ್ಲಿ, ಹೇಗೆ, ಊದಿದೆಯಾ ಎಂದು ಕೇಳಿದಳು, ವ್ಯಾಯಾಮ ಹೇಳಿಕೊಟ್ಟಳು. ಮುಂದಿನ ಭಾನುವಾರವೂ ನೋವು ಬಂತು. ಅದರ ಮುಂದಿನ ಭಾನುವಾರವೂ. ಒಳಗಡೆ, ಹೊರಗಡೆ, ಚಿಪ್ಪಿನ ಕೆಳಗೆ. ನೋವಿಗೆ ಹೊಸ ಹೊಸ ಜಾಗ ಹುಡುಕುವುದೇ ವಾರವಿಡೀ ಅವನ ಯೋಚನೆಯಾಯಿತು.

ಜೂನ್‌ನಲ್ಲಿ ಒಂದು ದಿನ ಅವಳು ಕೇಳಿದಳು: "ಗ್ರುಯಿಚ್, ಒಂದು ನಿಜ ಹೇಳಿ. ನಿಮ್ಮ ಮೊಣಕಾಲು ಭಾನುವಾರ ಏಳು ಗಂಟೆಗೇ ಯಾಕೆ ನೋಯುತ್ತೆ?"

ಅವನು ಟೀವಿಯ ದನಿ ತಗ್ಗಿಸಿದ. "ಆಗ ಮ್ಯಾಚ್ ಮುಗಿದಿರುತ್ತೆ. ಮನೆಗೆ ಬಂದಿರ್ತೀನಿ. ಆಮೇಲೆ ಏನೂ ಇರಲ್ಲ."

ಆಚೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.

"ಸರಿ, ಕಾಲು ಚಾಚಿ," ಎಂದಳು. "ಹತ್ತು ಸಲ. ನಾನು ಎಣಿಸ್ತೀನಿ."

ಒಂದು, ಎರಡು, ಮೂರು ಎಂದು ಅವಳು ಎಣಿಸಿದಳು. ಯಾವ ನೋವೂ ಇಲ್ಲದ ಆ ಕಾಲನ್ನು ಅವನು ಮಡಿಸಿದ, ಚಾಚಿದ. ಹತ್ತಾದ ಮೇಲೆ ಅವಳು ನಿಲ್ಲಿಸಲಿಲ್ಲ, ಮೂವತ್ತರವರೆಗೆ ಹೋದಳು.

ನವೆಂಬರ್‌ನಲ್ಲಿ ಸೀಸನ್ ಮುಗಿಯಿತು. ವುಕಾಶಿನ್ ಕೋಚ್ ಬಳಿ ಹೋಗಿ, ಎರಡನೇ ವರ್ಷಕ್ಕೆ ಉಳಿಯುವುದಿಲ್ಲ ಎಂದ.

"ಗಾಯನಾ?"

"ಇಲ್ಲ."

"ಬೇರೆ ಕ್ಲಬ್ಬಾ?"

"ಹೌದು. ನಮ್ಮೂರಿಂದು. ಮೂರನೇ ದರ್ಜೆ."

ಕೋಚ್ ತಮಾಷೆ ಎಂದುಕೊಂಡು ನಕ್ಕ. ಕಾಗದಕ್ಕೆ ಸಹಿ ಬಿದ್ದ ಮೇಲೆ ನಗು ನಿಲ್ಲಿಸಿದ.

ಚಿಕಿತ್ಸಾಲಯದ ಬಾಗಿಲಲ್ಲಿ ಅವನನ್ನು ಕಂಡ ದುನ್ಯಾ ಓಡಿ ಬರಲಿಲ್ಲ. ಕೈಯಲ್ಲಿದ್ದ ಟವೆಲನ್ನು ಮಡಿಸಿದಳು, ಬಿಚ್ಚಿ ಮತ್ತೆ ಮಡಿಸಿದಳು. "ಎಷ್ಟು ದಿನ ರಜೆ?"

"ರಜೆ ಅಲ್ಲ. ಇಲ್ಲೇ ಇರೋಕೆ ಬಂದೆ. ನಿಮಗೋಸ್ಕರ."

"ಬರೋವಾಗ ಎಲ್ಲರೂ ಹಾಗೇ ಹೇಳ್ತಾರೆ," ಎಂದಳು ಮೆಲ್ಲಗೆ. "ಫೆಬ್ರವರಿ ಬರಲಿ. ನಿಮ್ಮ ಏಜೆಂಟು, ಕ್ಲಬ್ಬಿನೋರೆಲ್ಲ ಫೋನ್ ಮಾಡೋದು ಆಗಲೇ ಅಲ್ವಾ?"

ಚಳಿಗಾಲ ಉದ್ದವಾಗಿತ್ತು. ವಾರಕ್ಕೊಂದು ಸಲ ಅವಳು ಅವನ ಜೊತೆಗೆ ಕಾಫಿ ಕುಡಿಯುತ್ತಿದ್ದಳು. ಮನೆಯವರೆಗೆ ಬರಲೇ ಎಂದರೆ, ಬೇಡ, ದಾರಿ ಗೊತ್ತಿದೆ ಎನ್ನುತ್ತಿದ್ದಳು. ಅವನು ಹಿಮದಲ್ಲಿ ನಿಂತು ಅವಳು ತಿರುವು ದಾಟುವವರೆಗೂ ನೋಡಿ, ಅಮ್ಮನ ಫ್ಲ್ಯಾಟಿಗೆ ಮರಳುತ್ತಿದ್ದ. ಒಬ್ಬರಿಗಾಗಿ ಕಾಯುವುದು ಹೇಗಿರುತ್ತದೆ ಎಂದು ಅವನಿಗೆ ಆ ಚಳಿಗಾಲದಲ್ಲಿ ಗೊತ್ತಾಯಿತು.

ಫೆಬ್ರವರಿಯ ಕೊನೆಗೆ ಕಾಫಿ ಕಲಕುತ್ತ ಅವಳು ಕೇಳಿದಳು, "ಫೋನ್ ಬಂತಾ?"

"ಬಂತು."

ಅವಳ ಚಮಚ ನಿಂತಿತು. "ಯಾವ ದೇಶ?"

"ಕೇಳಲಿಲ್ಲ."

ಅವಳು ತಲೆ ಎತ್ತಲಿಲ್ಲ. ಮತ್ತೆ ಕಲಕತೊಡಗಿದಳು, ಕಾಫಿ ಆರಿ ತಣ್ಣಗಾದರೂ ನಿಲ್ಲಿಸಲಿಲ್ಲ. ಅಂದು ಮನೆಯವರೆಗೆ ಬರಬೇಡಿ ಎನ್ನುವುದನ್ನು ಮರೆತಳು.

ಮಾರ್ಚ್‌ನ ಮೊದಲ ಪಂದ್ಯಕ್ಕೆ ಊರಿನ ಮೈದಾನದಲ್ಲಿ ಎಪ್ಪತ್ತು ಎಂಬತ್ತು ಜನರಿದ್ದರು. ಸೂರ್ಯಕಾಂತಿ ಬೀಜ ಸುಲಿಯುತ್ತ, ಸಿಪ್ಪೆ ಉಗುಳುತ್ತ, ಆಟಕ್ಕಿಂತ ಜೋರಾಗಿ ಮಾತಾಡುತ್ತಿದ್ದರು. ಅರ್ಧ ಗಂಟೆ ಕಳೆದಿತ್ತು. ವುಕಾಶಿನ್ ಎದುರಾಳಿಯ ಫಾರ್ವರ್ಡ್ ಒಬ್ಬನ ಬೆನ್ನಿಗೆ ಅಂಟಿಕೊಂಡು ನಿಂತಿದ್ದ. ಚೆಂಡು ಮೇಲಿತ್ತು.

"ಏ ಗ್ರುಯಿಚ್! ಯಾವ ದೇಶದಲ್ಲೂ ಬೇಡವಾದ ಮೇಲೆ ನಾವು ಬೇಕಾದ್ವೇನೋ, ಮುದುಕಾ?" ಎಂದು ಒಬ್ಬ ಅರಚಿದ.

ಇಂಥದ್ದನ್ನು ಅವನು ಆರು ಭಾಷೆಯಲ್ಲಿ ಕೇಳಿದ್ದ. ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ ಇನ್ನೊಂದು ದನಿ ಬಂತು, ಹೆಂಗಸಿನದು.

"ಬಾಯಿ ಮುಚ್ಚೋ! ನೀನು ಮನೆಯಿಂದ ಹೆಂಡದಂಗಡಿವರೆಗೆ ಓಡಿ ತೋರಿಸು ನೋಡೋಣ, ಆಮೇಲೆ ಅವನ ಬಗ್ಗೆ ಮಾತಾಡು!"

ಅವನು ತಿರುಗಿ ನೋಡಿದ. ಇಷ್ಟು ವರ್ಷಗಳಲ್ಲಿ ಚೆಂಡು ಗಾಳಿಯಲ್ಲಿದ್ದಾಗ ಅವನು ಹಾಗೆ ತಿರುಗಿದ್ದು ಅದೇ ಮೊದಲು. ಕಂಬಿಯ ಆಚೆ ಬಿಳಿ ಕೋಟಿನ ಮೇಲೆ ಮಫ್ಲರ್ ಸುತ್ತಿಕೊಂಡು ದುನ್ಯಾ ನಿಂತಿದ್ದಳು. ಕೆಲಸದಿಂದ ನೇರವಾಗಿ ಬಂದಿರಬೇಕು. ಸಿಟ್ಟಿಗೆ ಮೂಗು ಕೆಂಪಾಗಿತ್ತು. ಆ ಒಂದು ಕ್ಷಣದಲ್ಲಿ ಫಾರ್ವರ್ಡ್ ಅವನ ಕೈ ತಪ್ಪಿಸಿಕೊಂಡು ಹೋಗಿ ತಲೆಯಿಂದ ಗೋಲು ಹೊಡೆದ.

ಗೋಲ್‌ಕೀಪರ್ ಕೈಚೆಲ್ಲಿದ. ಕೋಚ್ ಟೋಪಿ ತೆಗೆದು ನೆಲಕ್ಕೆ ಬಡಿದ. ಜನರೆಲ್ಲ ಅವನ ಹೆಸರು ಹಿಡಿದು ಬೈದರು. ವುಕಾಶಿನ್ ಕೆಸರಿನಲ್ಲಿ ನಿಂತು ನಗುತ್ತಿದ್ದ, ನಿಲ್ಲಿಸಲು ಆಗದೆ.

ಊರಿನ ತಂಡ ಒಂದು–ಸೊನ್ನೆಯಲ್ಲಿ ಸೋತಿತು. ಮುಗಿದ ಮೇಲೆ ಅವನು ಕಂಬಿಯ ಬಳಿ ಹೋದ.

"ನನ್ನಿಂದ ಹೋಯ್ತಾ ಆ ಗೋಲು?" ಎಂದಳು ಅವಳು, ಮಫ್ಲರಿನ ಒಳಗಿನಿಂದ.

"ನಿಮ್ಮಿಂದಲೇ. ನನ್ನ ಪರವಾಗಿ ಯಾರಾದ್ರೂ ಕೂಗಿದ್ದು ಕೇಳಿಯೇ ಇರಲಿಲ್ಲ. ಯಾರು ಅಂತ ನೋಡದೆ ಇರೋಕಾಗಲಿಲ್ಲ."

"ಮುಂದಿನ ವಾರ ತಿರುಗಿ ನೋಡಬೇಡ. ಚೆಂಡು ನೋಡು."

"ಏನಂದ್ರಿ?"

"ಕಿವಿ ಕೇಳಲ್ವಾ ನಿನಗೆ?"

ಅವನಿಗೆ ಕೇಳಿತ್ತು. ಇನ್ನೊಮ್ಮೆ ಕೇಳಬೇಕೆನಿಸಿತ್ತು, ಅಷ್ಟೆ. ಕಂಬಿಯ ಮೇಲಿಂದ ಅವನು ಚಾಚಿದ ಕೈ ಕೆಸರುಮಯವಾಗಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಲೆಯಿಲ್ಲದ ಬಿಳಿ ಕೋಟಿನ ಎದೆಗೆ ಒತ್ತಿಕೊಂಡಳು.