ಮೊಮ್ಮಗಳ ಚಿತ್ರ

ನಮ್ಮ ಸಮೋವ ದ್ವೀಪದ ರೂಢಿಯಂತೆ ಅಪ್ಪನನ್ನು ಮನೆಯಂಗಳದಲ್ಲೇ ಮಣ್ಣು ಮಾಡಿದೆವು. ಅವರ ಮೊಬೈಲನ್ನೂ ಅಮ್ಮ ಶವಪೆಟ್ಟಿಗೆಯಲ್ಲಿ ಇಟ್ಟಿದ್ದಳು. ನನ್ನ ಮಗಳು ಲೂಪೆಯ ಫೋಟೊ ತೆಗೆದು ಗೋಡೆಗೆ ಹಚ್ಚಲೆಂದು ಅವರು ಕೊಂಡಿದ್ದ ಪ್ರಿಂಟರ್ ಮಾತ್ರ ಡಬ್ಬಿಯಲ್ಲೇ ಉಳಿಯಿತು.

ಮೊನ್ನೆ ಭಾನುವಾರ ಊಟವಾದ ಮೇಲೆ ಅದನ್ನು ಮನೆಯ ವೈಫೈಗೆ ಜೋಡಿಸಿದೆ.

"ಈಗ ಬಿಡುವಾಯ್ತಾ, ತಾವಿತ? ನಿಮ್ಮಪ್ಪ ಎಷ್ಟು ಸಲ ಕೇಳಿದ್ರು ಕಣೋ," ಅಂದಳು ಅಮ್ಮ. ನಾನು ಟ್ರೇಗೆ ಹಾಳೆ ತುಂಬಿದೆ.

ಯಾರೂ ಏನೂ ಕಳಿಸದೆ ಪ್ರಿಂಟರ್ ಗುರುಗುಟ್ಟಿತು. ಅದರ ಪುಟ್ಟ ಪರದೆಯಲ್ಲಿ ಅಪ್ಪನ ಫೋನಿನ ಹೆಸರು ಮೂಡಿತು. ಹೊರಬಂದ ಹಾಳೆ ತಣ್ಣಗಿತ್ತು, ಹಸಿ ಮಣ್ಣಿನ ವಾಸನೆಯಿತ್ತು. ಅದರಲ್ಲಿ ಲೂಪೆ, ದಿನವೂ ಆಡುವ ಹಾಗೆ, ಗೋರಿಯ ಮೇಲೆ ಬೋರಲು ಮಲಗಿ ನಗುತ್ತಿದ್ದಳು. ಚಿತ್ರ ತೆಗೆದದ್ದು ಕೆಳಗಿನಿಂದ.

ನಗುವಲ್ಲಿ ಮುಂದಿನ ಹಲ್ಲಿರಲಿಲ್ಲ. ಅದು ಬಿದ್ದದ್ದು ಅದೇ ಭಾನುವಾರ ಬೆಳಿಗ್ಗೆ.